ಚಿತ್ರ ಬರೆದವಳ ಹೆಸರು

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಕಳಿಸಿದ ಅನಾಟಮಿ ಕೈಪಿಡಿಯ ಪ್ರೂಫ್ ಪೂರ್ತಿ ಓದಿದೆ. ಬರವಣಿಗೆ ತಿಳಿಯಾಗಿದೆ, ತುಂಬ ಹೆಮ್ಮೆಯಾಯಿತು. ಆದರೆ ಚಿತ್ರಗಳೆಲ್ಲ ನಿನ್ನ ರೂಮ್‌ಮೇಟ್ ಬರೆದದ್ದು ಅಂತ ಫೋನಿನಲ್ಲಿ ಹೇಳಿದ್ದೆ ಅಲ್ವಾ? ಮೊದಲ ಪುಟದಲ್ಲಿ ನಿನ್ನ ಹೆಸರೊಂದೇ ಇದೆ. ಅವಳದು ಕೊನೆಯ ಪುಟದ ವಂದನೆಗಳಲ್ಲಿ ಹತ್ತು ಜನರ ನಡುವೆ ಸೇರಿಹೋಗಿದೆ. ಅದಕ್ಕೇ ಈ ಕಾಗದ.

ಪ್ಯಾರಿಸ್ಸಿನಲ್ಲಿ ಷಾರ್ಲ್ ಎತಿಯೆನ್ ಅಂತ ಒಬ್ಬ ವೈದ್ಯನಿದ್ದ. ಅಚ್ಚುಗಾರರ ಮನೆತನದವನು, ಹಾಗಾಗಿ ನನಗೆ ಅವನ ಮೇಲೆ ಅಕ್ಕರೆ ಸ್ವಲ್ಪ ಜಾಸ್ತಿ. 1545ರಲ್ಲಿ ದೇಹ ಕೊಯ್ದು ನೋಡುವುದರ ಬಗ್ಗೆ ಲ್ಯಾಟಿನ್‌ನಲ್ಲಿ ದೊಡ್ಡ ಸಚಿತ್ರ ಪುಸ್ತಕ ತಂದ. ಅಚ್ಚು ಹಾಕಿದವನು ಅವನ ಮಲತಂದೆ ಸಿಮೋನ್ ದ ಕೋಲಿನ್.

ಅದರ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡು. ಮಂಚದ ಮೇಲೆ ಒರಗಿದ ಹೆಂಗಸು. ಹೊಟ್ಟೆ ತೆರೆದಿದೆ. ಅಲ್ಲಿ ಕಣ್ಣಿಟ್ಟು ನೋಡಿದರೆ ಸುತ್ತ ಚೌಕವಾಗಿ ಸಣ್ಣ ಗೆರೆ ಕಾಣುತ್ತದೆ. ಅದು ತೇಪೆ. ಅಚ್ಚಿಗಾಗಿ ಚಿತ್ರ ಕೆತ್ತಿದ ಮರದ ಬ್ಲಾಕಿನಲ್ಲಿ ಅಷ್ಟು ಜಾಗ ಕತ್ತರಿಸಿ ತೆಗೆದು, ಒಳಗಿನ ಅಂಗ ಕೆತ್ತಿದ ಬೇರೆ ತುಂಡು ಕೂರಿಸಿದ್ದಾರೆ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದ ನನಗೆ ಆ ಗೆರೆ ನೋಡಿ ಮೈ ಜುಂ ಅಂದಿತು. ತುಂಡು ಕೂದಲೆಳೆಯಷ್ಟು ತಗ್ಗಾದರೂ ಅಲ್ಲಿ ಶಾಯಿ ಹಿಡಿಯುವುದಿಲ್ಲ. ಎಂಥ ಕೈಗಳು ಅವು! ಹೊರಗಿನ ಮೈಯೂ ಕೆಲವು ಕಡೆ ಇಟಲಿಯ ದೇವದೇವತೆಯರ ಶೃಂಗಾರ ಚಿತ್ರಗಳಿಂದ ಎತ್ತಿಕೊಂಡದ್ದು.

ದೇಹ ಕೊಯ್ಯುವುದರಲ್ಲಿ, ಚಿತ್ರ ಮಾಡಿಸುವುದರಲ್ಲಿ ಎತಿಯೆನ್ ಜೊತೆಗೆ ದುಡಿದವನು ಲಾ ರಿವಿಯೇರ್ ಎಂಬ ಶಸ್ತ್ರವೈದ್ಯ. ಆ ಕಾಲದಲ್ಲಿ ಲ್ಯಾಟಿನ್ ಓದಿದ ವೈದ್ಯನ ಮುಂದೆ ಕತ್ತಿ ಹಿಡಿಯುವವನು ಕೆಳಗಿನವನು. 1539ರಲ್ಲಿ, ಅಚ್ಚು ನಡೆಯುತ್ತಿರುವಾಗಲೇ, ತನ್ನ ಪಾಲಿನ ಕೆಲಸಕ್ಕೆ ಮನ್ನಣೆ ಬೇಕೆಂದು ಅವನು ಕೋರ್ಟಿಗೆ ಹೋದ. ಪುಸ್ತಕ ನಿಂತುಹೋಯಿತು. ಅಷ್ಟರಲ್ಲಿ, 1543ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ವೆಸಾಲಿಯಸ್ ಎಂಬ ಇನ್ನೊಬ್ಬ ವೈದ್ಯನ ದೇಹರಚನೆಯ ಸಚಿತ್ರ ಪುಸ್ತಕ ಬಂದೇಬಿಟ್ಟಿತು. ಎತಿಯೆನ್‌ನ ಕೆಲವು ಬ್ಲಾಕುಗಳ ಮೇಲೆ 1530ರಷ್ಟು ಹಿಂದಿನ ಇಸವಿ ಇದೆ. ಮೊದಲು ಶುರು ಮಾಡಿದವನು ಹಿಂದೆ ಬಿದ್ದ. ಕೊನೆಗೆ ಮುಖಪುಟದಲ್ಲೇ ಅಚ್ಚಾಯಿತು: ಚಿತ್ರಗಳೂ ಕೊಯ್ಯುವ ವಿವರಗಳೂ ಲಾ ರಿವಿಯೇರ್‌ನವು ಅಂತ.

ಎತಿಯೆನ್ ಸಾಮಾನ್ಯನಲ್ಲ. ಬೆನ್ನುಹುರಿಯ ಒಳಗಿನ ಸಣ್ಣ ಕಾಲುವೆಯನ್ನು ವಿವರಿಸಿದವನು. ಇನ್ನೊಬ್ಬನ ಹೆಸರು ಹಾಕಿದ್ದರಿಂದ ಅವನದೇನೂ ಕಡಿಮೆಯಾಗಲಿಲ್ಲ.

ನಾನೂ ಒಮ್ಮೆ ತಪ್ಪಿದ್ದೇನೆ. ಒಂದು ಪುಸ್ತಕಕ್ಕೆ ರಾತ್ರಿಯೆಲ್ಲ ಕೂತು ಚಿತ್ರ ಬರೆದುಕೊಟ್ಟ ಡ್ರಾಯಿಂಗ್ ಮೇಷ್ಟ್ರ ಹೆಸರು ಬಿಟ್ಟುಬಿಟ್ಟೆ. ಪ್ರತಿ ಕೊಟ್ಟಾಗ ಅವರು ಮೊದಲ ಪುಟ ತೆರೆದು ನೋಡಿದರು. ಏನೂ ಹೇಳದೆ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಇವತ್ತಿಗೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ನಿನ್ನ ಗೆಳತಿ ಬಾಯಿಬಿಟ್ಟು ಕೇಳುವುದಿಲ್ಲ ಪುಟ್ಟೀ. ನೀನೇ ಹಾಕು. ನಿನ್ನ ಹೆಸರಿನ ಕೆಳಗೆ, ಅದೇ ಅಳತೆಯ ಅಕ್ಷರದಲ್ಲಿ. ಕಾಗುಣಿತ ಅವಳನ್ನೇ ಕೇಳಿ ಬರೆ. ತಿದ್ದಿದ ಪುಟವನ್ನು ಭಾನುವಾರದೊಳಗೆ ನನಗೆ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ