ಶಾಲ್ಮಲೆಯಂಥದೇ ಇನ್ನೊಂದು ಹೊಳೆ

ಸಿಯೆಮ್ ರೀಪ್, ಕಾಂಬೋಡಿಯಾ
ಡಿಸೆಂಬರ್ 12

ಪ್ರೀತಿಯ ಆಯಿ, ಅಪ್ಪಯ್ಯ,

ನಮಸ್ಕಾರ. ನಾನು ಆರಾಮಿದ್ದೇನೆ. ಕೊನೆಕೊಯ್ಲು ಎಲ್ಲಿಗೆ ಬಂತು? ಅಡಿಕೆ ಸುಲಿಯಲು ಜನ ಸಿಕ್ಕಿದರಾ? ಫೋನು ಅರ್ಧಕ್ಕೇ ಕಟ್ ಆಗುತ್ತದೆ. ನಿನ್ನೆ ನೋಡಿದ್ದನ್ನು ಅರ್ಧಂಬರ್ಧ ಹೇಳಲು ಮನಸ್ಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಕ್ಬಾಲ್ ಸ್ಪೀನ್ ಅನ್ನುವ ಜಾಗಕ್ಕೆ ಹೋಗಿದ್ದೆ. ಪೇಟೆಯಿಂದ ಸುಮಾರು 50 ಕಿಲೋಮೀಟರ್. ಗಾಡಿ ಇಳಿದು ಕಾಡೊಳಗೆ ಒಂದೂವರೆ ಕಿಲೋಮೀಟರ್ ಹತ್ತಬೇಕು. ಬೇರು, ಬಂಡೆ, ತರಗೆಲೆ. ನಮ್ಮ ಬೆಟ್ಟದ ದಾರಿಯೇ. ಮೇಲೆ ಒಂದು ಸಣ್ಣ ಹೊಳೆ. ಬಗ್ಗಿ ನೋಡಿದರೆ ನೀರಿನ ತಳದ ತುಂಬ ಲಿಂಗಗಳು! ಅಪ್ಪಯ್ಯ, ನಾನು ಅಲ್ಲೇ ಕೂತುಬಿಟ್ಟೆ. ಶಿವರಾತ್ರಿಗೆ ಶಾಲ್ಮಲೆಯ ಸಹಸ್ರಲಿಂಗದಲ್ಲಿ ನಿಮ್ಮ ಕೈ ಹಿಡಿದು ಕಲ್ಲಿಂದ ಕಲ್ಲಿಗೆ ದಾಟುತ್ತಿದ್ದೆನಲ್ಲ, ಅದೇ ಕಣ್ಣೆದುರು ಬಂತು.

ಕೆತ್ತಿದ ರೀತಿ ಮಾತ್ರ ಬೇರೆ. ನಮ್ಮಲ್ಲಿ ಬಿಡಿಬಿಡಿ ಬಂಡೆಗಳ ಮೇಲೆ ಲಿಂಗ, ಎದುರಿಗೆ ಬಸವ. ಇಲ್ಲಿ ಹಾಸುಗಲ್ಲಿನಲ್ಲೇ ಸಾಲು ಸಾಲಾಗಿ, ಸಸಿ ನೆಟ್ಟ ಹಾಗೆ. ಪಕ್ಕದಲ್ಲಿ ಶೇಷನ ಮೇಲೆ ಮಲಗಿದ ವಿಷ್ಣು, ಕಾಲ ಬಳಿ ಲಕ್ಷ್ಮಿ, ಹೊಕ್ಕುಳ ಕಮಲದಲ್ಲಿ ಬ್ರಹ್ಮ. 11ನೇ ಶತಮಾನದ್ದು. ಸಹಸ್ರಲಿಂಗ ಕೆತ್ತಿಸಿದ ನಮ್ಮ ಸೋಂದೆ ಅರಸರಿಗಿಂತ ಎಷ್ಟೋ ಮೊದಲಿನದು, ಅಲ್ವಾ? ಲಿಂಗಗಳ ಮೇಲೆ ಹರಿದ ನೀರು ಪವಿತ್ರವಾಗಿ ಕೆಳಗಿನ ಭತ್ತದ ಗದ್ದೆಗಳಿಗೆ ಹೋಗಲಿ ಎಂಬುದು ಅವರ ನಂಬಿಕೆ. ಈ ಒಂದು ಮಾತು ನನಗೆ ತುಂಬ ಹಿಡಿಸಿತು. ಶಾಲ್ಮಲೆಯ ನೀರೂ ಬೇಡ್ತಿ ಸೇರಿ ಗಂಗಾವಳಿಯಾಗಿ ಎಷ್ಟು ಗದ್ದೆ ದಾಟಿ ಸಮುದ್ರಕ್ಕೆ ಹೋಗುತ್ತದೆ! ಇಷ್ಟು ವರ್ಷ ನಾನು ಕಲ್ಲನ್ನಷ್ಟೇ ನೋಡಿದ್ದೆ, ನೀರನ್ನು ನೋಡಿರಲಿಲ್ಲ.

ಅಂಕೋರ್ ವಾಟ್ ಕೂಡ ನೋಡಿದೆ. ಮೂರು ದಿನದ ಟಿಕೆಟ್‌ಗೆ 62 ಡಾಲರ್. ಜಾಸ್ತಿಯೇ, ಆದರೆ ಬೇಜಾರಿಲ್ಲ. 12ನೇ ಶತಮಾನದಲ್ಲಿ ಇಲ್ಲಿನ ರಾಜ ಎರಡನೇ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ ದೇವಸ್ಥಾನ. ಈಗ ಬೌದ್ಧ ಭಿಕ್ಷುಗಳು ಇದ್ದಾರೆ. ಸಮುದ್ರಮಥನದ ಕೆತ್ತನೆ ಒಂದೇ 49 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ವಾಸುಕಿಯನ್ನು ಎಳೆಯುತ್ತಿದ್ದಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಯಾರೂ ವಿವರಿಸಬೇಕಿಲ್ಲ.

ಆಯಿ, ನಿನ್ನ ಮೊದಲ ಪ್ರಶ್ನೆ ಊಟದ್ದೇ ಎಂದು ಗೊತ್ತು. ಮೊದಲ ದಿನ ಮಾಂಸ ಇಲ್ಲ ಎಂದ ಸಾರಿನಲ್ಲಿ ಮೀನಿನ ಹಿಟ್ಟು ಇತ್ತು. ಎರಡು ಚಮಚ ಕುಡಿದ ಮೇಲೆ ಗೊತ್ತಾಯಿತು. ನಿನ್ನಿಂದ ಮುಚ್ಚಿಡುವುದಿಲ್ಲ. ಈಗ ಮೊದಲೇ ಎರಡೆರಡು ಸಲ ಕೇಳುತ್ತೇನೆ. ಆದರೆ ನಿನ್ನೆ ದಾರಿಯಲ್ಲಿ ಪ್ರೇ ಡಾಕ್ ಎಂಬ ಹಳ್ಳಿಯಲ್ಲಿ ಒತ್ತು ಶ್ಯಾವಿಗೆ ಸಿಕ್ಕಿತು! ಅವರು ನಮ್ ಬಾನ್ ಚೊಕ್ ಅನ್ನುತ್ತಾರೆ. ಅಕ್ಕಿ ನೆನೆಸಿ, ರುಬ್ಬಿ, ಕುದಿಯುವ ನೀರಿಗೇ ಒತ್ತುತ್ತಾರೆ. ಮೇಲಿನ ಸಾರು ಮೀನಿನದು, ಅದನ್ನು ಬೇಡ ಎಂದೆ. ಬಾಳೆಹೂವು, ಸೌತೆಕಾಯಿ ಹಾಕಿಕೊಟ್ಟರು. ಪಕ್ಕದಲ್ಲೇ ತಾಳೆಬೆಲ್ಲ ಮಾರುತ್ತಿದ್ದರು, ಎರಡನೇ ತಟ್ಟೆ ಅದರ ಜೊತೆ ತಿಂದೆ. ಕಾಯಿಹಾಲು ಒಂದು ಇರಲಿಲ್ಲ.

ರಾತ್ರಿ ಪಬ್ ಸ್ಟ್ರೀಟ್‌ನಲ್ಲಿ ದೀಪ, ಗದ್ದಲ, ಹುರಿದ ಹುಳುಗಳ ಬಂಡಿ. ಅರ್ಧ ಗಂಟೆಗೆ ಸಾಕಾಯಿತು. ಊರ ನಡುವಿನ ಹೊಳೆಯ ಸೇತುವೆ ಮೇಲೆ ಸುಮ್ನೆ ನಿಂತಿದ್ದೆ. ಲಿಂಗಗಳ ಮೇಲಿಂದ ಬಂದ ನೀರೂ ಇದೇ ಹೊಳೆಗೆ ಸೇರುತ್ತದೆ. ಪಟ್ಟಣದ ರಾತ್ರಿಯಲ್ಲಿ ನನಗೆ ಇಷ್ಟವಾದದ್ದು ಅದೇ.

ಮುಂದಿನ ವಾರ ಕಾಂಪೋಟ್. ಅಪ್ಪಯ್ಯ, ಅಲ್ಲಿನ ಕಾಳುಮೆಣಸಿಗೆ 2010ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿದೆ, ನಮ್ಮ ಶಿರಸಿ ಅಡಿಕೆಗೆ 2019ರಲ್ಲಿ ಸಿಕ್ಕಿತಲ್ಲ, ಹಾಗೆ. ಬಳ್ಳಿಯನ್ನು ಮರಕ್ಕಲ್ಲ, ಕಂಬಕ್ಕೆ ಹಬ್ಬಿಸುತ್ತಾರಂತೆ. ಸೊರಗು ರೋಗಕ್ಕೆ ಅವರು ಏನು ಮಾಡುತ್ತಾರೆ ಎಂದು ಕೇಳಿಕೊಂಡು ಬರುತ್ತೇನೆ. ಮೆಣಸಿಗೆ ಇಲ್ಲಿ ‘ಮ್ರೇಚ್’ ಅನ್ನುತ್ತಾರೆ, ನಮ್ಮ ಸಂಸ್ಕೃತದ ಮರೀಚವೇ. ಪುಡಿ ಮಾಡಿ ಉಪ್ಪು, ಲಿಂಬೆರಸ ಕಲಸಿ ಎಲ್ಲದಕ್ಕೂ ನೆಂಚಿಕೊಳ್ಳುತ್ತಾರೆ. ಆಯಿ, ಒಂದು ಪೊಟ್ಟಣ ತರುತ್ತೇನೆ, ಲಿಂಬೆಹಣ್ಣು ತೆಗೆದಿಟ್ಟಿರು.

ಅಪ್ಪಯ್ಯ, ಶಾಲ್ಮಲೆಯ ನೀರು ಈಗ ಇಳಿದಿರಬೇಕು. ಕೊಯ್ಲು ಮುಗಿದ ಮೇಲೆ ಆಯಿಯನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಬಂಡೆಗಳ ನಡುವೆ ಎಲ್ಲಾದರೂ ಮಲಗಿದ ವಿಷ್ಣು ಇದ್ದಾನಾ ನೋಡಿ, ನನಗೆ ಬರೆಯಿರಿ.

ನಿಮ್ಮ,
ತಮ್ಮಾ