ಮನೆ ಮಾರುವುದು ಕೊನೆಗಿರಲಿ

ಚಿ. ರಘುವಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಮನೆ ಮಾರಿ, ಆ ದುಡ್ಡಿನಲ್ಲಿ ಆರ್‌ವಿ, ಅಂದರೆ ಅಡುಗೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇರುವ ಮನೆಗಾಡಿ ಕೊಂಡು, ನೀವಿಬ್ಬರೂ ಅದರಲ್ಲೇ ಖಾಯಂ ಇರುವ ಯೋಚನೆ ಮಾಡಿದ್ದೀರಿ ಎಂದು ಬರೆದಿದ್ದೀಯ. ಬೇಡ ಅನ್ನುವುದಿಲ್ಲ. ಆದರೆ ನೀನು ಹಾಕಿಕೊಂಡ ಸರದಿ ತಲೆಕೆಳಗಾಗಿದೆ. ಮೊದಲು ಬಾಡಿಗೆ ಗಾಡಿಯಲ್ಲಿ ಮೂರು ವಾರ ಇದ್ದು ನೋಡಿ. ರಜೆ ಹಾಕಿ ಅಲ್ಲ, ದಿನನಿತ್ಯದ ಕೆಲಸ ಮಾಡಿಕೊಂಡೇ. ಅದರಲ್ಲಿ ಒಂದು ವಾರವಾದರೂ ಮಳೆ ಹಿಡಿದಿರಲಿ, ಇಬ್ಬರೂ ಒಳಗೇ ಕೂರಬೇಕಾದಾಗಲೇ ನಿಜ ಗೊತ್ತಾಗುವುದು. ಒಗ್ಗಿದರೆ ಗಾಡಿ ಕೊಂಡು, ಮನೆಯನ್ನು ಒಂದು ವರ್ಷ ಬಾಡಿಗೆಗೆ ಕೊಡು. ಮಾರಾಟದ ಮಾತು ಆಮೇಲೆ. ಮಾರಿದ ಮನೆ ಅದೇ ಬೆಲೆಗೆ ವಾಪಸ್ಸು ಸಿಗುವ ಭರವಸೆಯಿಲ್ಲ. ಗಾಡಿಯೋ, ಶೋರೂಮು ಬಿಟ್ಟ ದಿನದಿಂದಲೇ ಬೆಲೆ ಕಳೆದುಕೊಳ್ಳುತ್ತದೆ.

ಸಾಮಾನಿನ ವಿಷಯದಲ್ಲಿ ಎಲ್ಲರೂ ಕಪಾಟು ಎಷ್ಟಿವೆ ಎಂದು ಎಣಿಸುತ್ತಾರೆ, ತೂಕ ಕೇಳುವವರು ಕಡಿಮೆ. ಗಾಡಿಗೆ ನಿಗದಿಯಾದ ಗರಿಷ್ಠ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ಪಾಲು. ಅದು 500 ಕೆ.ಜಿ. ಎಂದಿಟ್ಟುಕೋ. 150 ಲೀಟರ್ ನೀರು ತುಂಬಿದರೆ 150 ಕೆ.ಜಿ. ಹೋಯಿತು, ನೀವಿಬ್ಬರು 130. ಉಳಿದ 220ರಲ್ಲಿ ಪಾತ್ರೆ, ಬಟ್ಟೆ, ಸಿಲಿಂಡರು, ಹೆಚ್ಚುವರಿ ಬ್ಯಾಟರಿ ಎಲ್ಲ ಹಿಡಿಸಬೇಕು. ಒಂದು ರಟ್ಟಿನ ಪೆಟ್ಟಿಗೆ ಪುಸ್ತಕವೇ ಇಪ್ಪತ್ತು ಕೆ.ಜಿ. ತೂಗುತ್ತದೆ, ಇದು ನಿನಗೇ ಹೇಳಿದ್ದು. ತುಂಬಿದ ಗಾಡಿಯನ್ನು ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ದು ಒಂದೊಂದು ಆಕ್ಸಲ್ಲನ್ನೂ, ಅಂದರೆ ಎಡಬಲದ ಚಕ್ರಗಳನ್ನು ಕೂಡಿಸುವ ಅಚ್ಚನ್ನು, ಬೇರೆಬೇರೆ ತೂಗಿಸು. ಒಟ್ಟು ತೂಕ ಸರಿಯಿದ್ದರೂ ಹಿಂದಿನ ಆಕ್ಸಲ್ಲಿನ ಮೇಲೆ ಮಿತಿ ಮೀರಿರಬಹುದು. ಟೈರು ಇದರಿಂದ ಸಿಡಿಯಬಹುದು, ವಯಸ್ಸಿನಿಂದಲೂ ಸಿಡಿಯಬಹುದು. ಟೈರಿನ ಪಕ್ಕದಲ್ಲಿ 2319 ಎಂಬಂಥ ನಾಲ್ಕಂಕಿ ಇದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಮೇಲೆ ಸವೆಯದೆ ಹೊಸದರಂತೆ ಕಂಡರೂ ಆರೇಳು ವರ್ಷ ದಾಟಿದ್ದನ್ನು ನಂಬಬೇಡ.

ಹಳೆ ಗಾಡಿ ಕೊಳ್ಳುವುದಾದರೆ ಎಂಜಿನ್ನಿಗಿಂತ ಮೊದಲು ಚಾವಣಿ ನೋಡು. ಈ ಗಾಡಿಗಳನ್ನು ಕೊಲ್ಲುವುದು ನೀರು. ಏಣಿ ಹಾಕಿ ಹತ್ತಿ, ಗಾಳಿಕಿಂಡಿಯ ಸುತ್ತ ಮತ್ತು ಅಂಚಿನುದ್ದಕ್ಕೂ ನೀರು ಇಳಿಯದಂತೆ ಹಚ್ಚಿದ ಸೀಲಂಟ್ ಅಂಟು ಬಿರುಕು ಬಿಟ್ಟಿದೆಯೇ ನೋಡು. ಒಳಗೆ ಮೇಲಿನ ಕಪಾಟುಗಳ ಮೂಲೆಗೆ ಕೈ ಹಾಕಿ ಹೆಬ್ಬೆರಳಿನಿಂದ ಒತ್ತು. ನೆನೆದ ರಟ್ಟಿನಂತೆ ಒಳಗಿಳಿದರೆ ಒಳಗಿನ ಮರ ಕೊಳೆತಿದೆ. ಹೊರಗೋಡೆ ಬೊಕ್ಕೆಯಂತೆ ಉಬ್ಬಿದ್ದರೂ ಅದೇ ಕಥೆ. ಬಾಗಿಲು ತೆಗೆದ ಕೂಡಲೇ ರೂಮ್ ಫ್ರೆಶ್‌ನರ್ ಘಮಘಮಿಸಿದರೆ ಮಾರುವವರು ಏನು ಮುಚ್ಚುತ್ತಿದ್ದಾರೆಂದು ಯೋಚಿಸು. ಕೊಂಡ ಮೇಲೂ ಮೂರು ತಿಂಗಳಿಗೊಮ್ಮೆ ಚಾವಣಿ ಹತ್ತುವುದು ನಿನ್ನ ಕೆಲಸ.

ನೀರು ಒಳಗಿನಿಂದಲೂ ಹುಟ್ಟುತ್ತದೆ. ಒಂದು ಕೆ.ಜಿ. ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆ.ಜಿ. ನೀರಾವಿ ಹೊರಬರುತ್ತದೆ. ಅದರ ಮೇಲೆ ಇಬ್ಬರ ಉಸಿರು. ಚಳಿಯೆಂದು ಎಲ್ಲ ಮುಚ್ಚಿಕೊಂಡು ಮಲಗಿದರೆ ಆ ಆವಿ ಹಾಸಿಗೆಯ ಅಡಿಯಲ್ಲಿ ಇಬ್ಬನಿಯಾಗಿ ನಿಂತು, ಬೂಸು ಹಿಡಿಯುತ್ತದೆ. ಹಾಸಿಗೆಯಡಿ ಗಾಳಿಯಾಡಲು ಪಟ್ಟಿಗಳ ಚೌಕಟ್ಟು ಹಾಕಿಸು, ಗಾಳಿಕಿಂಡಿ ಒಂದಿಷ್ಟು ತೆರೆದೇ ಇರಲಿ. ಬೆಚ್ಚಗಿರಲೆಂದು ಒಲೆ ಉರಿಸಬಾರದು. ಅದರಿಂದ ಹುಟ್ಟಬಹುದಾದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯಿಲ್ಲ. ಅದರ ಅಲಾರಂ ಇರಲೇಬೇಕು, ಅದಕ್ಕೂ ಎಕ್ಸ್‌ಪೈರಿ ತಾರೀಖು ಇರುತ್ತದೆ.

ನಾಚಿಕೆ ಬಿಟ್ಟು ಹೇಳಬೇಕಾದ್ದು ಕಕ್ಕಸಿನ ಟ್ಯಾಂಕಿನ ವಿಷಯ. ಗಾಡಿಯನ್ನು ಒಳಚರಂಡಿಗೆ ಜೋಡಿಸಿ ನಿಲ್ಲಿಸಿದಾಗ ಅದರ ವಾಲ್ವನ್ನು ತೆರೆದೇ ಇಟ್ಟರೆ ನೀರೆಲ್ಲ ಹರಿದುಹೋಗಿ, ಗಟ್ಟಿ ಮಾತ್ರ ಉಳಿದು, ಟಾಯ್ಲೆಟ್ಟಿನ ನೇರ ಕೆಳಗೆ ಹುತ್ತದ ಹಾಗೆ ಬೆಳೆಯುತ್ತದೆ. ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಮ್ಮೆಗೇ ಬಿಡಬೇಕು. ಆಮೇಲೆ ಬಚ್ಚಲ ನೀರಿನ ಟ್ಯಾಂಕು ಬಿಟ್ಟರೆ ಪೈಪೂ ತೊಳೆದಂತಾಗುತ್ತದೆ. ಖಾಲಿ ಮಾಡಿದ ಟ್ಯಾಂಕಿಗೆ ಕೆಲವು ಲೀಟರ್ ನೀರು ಸುರಿದೇ ಮತ್ತೆ ಬಳಸಲು ಶುರುಮಾಡಿ.

ಕರೆಂಟಿನದು ಬರೀ ಲೆಕ್ಕ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1200 ವಾಟ್-ಅವರ್ ಇರುತ್ತದೆ, ಲೆಡ್ ಆ್ಯಸಿಡ್ ಜಾತಿಯ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಬೇಗ ಸಾಯುತ್ತದೆ. ನಿನ್ನ ಲ್ಯಾಪ್‌ಟಾಪಿಗೆ ದಿನಕ್ಕೆ ಐನೂರರ ಹತ್ತಿರ ಬೇಕು. ಎಸಿ ಸತತ ಓಡಿದರೆ ಆ ಅರ್ಧ, ಅರ್ಧ ಗಂಟೆಗೂ ಸಾಲದು.

ಸಹಿ ಹಾಕುವ ಮುಂಚೆ ವಿಮೆಯವರನ್ನೂ ಗಾಡಿ ಮಾಡಿದವರನ್ನೂ ಒಂದೇ ಪ್ರಶ್ನೆ ಕೇಳು: ಇದರಲ್ಲೇ ವರ್ಷವಿಡೀ ವಾಸ ಮಾಡಿದರೆ ನಿಮ್ಮ ಪಾಲಿಸಿ, ವಾರಂಟಿ ನಿಲ್ಲುತ್ತದೆಯೇ? ಹಲವು ಕಡೆ ನಿಲ್ಲುವುದಿಲ್ಲ. ಉತ್ತರ ಬರಹದಲ್ಲಿ ಇಸಿದುಕೋ. ಬ್ಯಾಂಕು, ಲೈಸೆನ್ಸು, ತೆರಿಗೆ ಇವಕ್ಕೆಲ್ಲ ಒಂದು ಖಾಯಂ ವಿಳಾಸವೂ ಬೇಕು. ಇನ್ನೊಂದು, ಗಾಡಿ ಗ್ಯಾರೇಜಿಗೆ ಹೋದರೆ ಮನೆಯೂ ಹೋಯಿತು. ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾದೀತು. ಆ ದಿನಗಳ ವಸತಿಯ ಹಣ ರಿಪೇರಿ ಹಣದಿಂದ ಬೇರೆಯೇ ಇರಲಿ.

ಬಾಡಿಗೆ ಗಾಡಿ ಗೊತ್ತುಮಾಡುವ ದಿನ ಇಬ್ಬರೂ ಅದರೊಳಗೆ ಮಲಗಿ ನೋಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬ ಗಾದೆ ಅಲ್ಲಿ ಅಕ್ಷರಶಃ ನಿಜ, ನೀನೋ ಆರಡಿ ಆಳು. ತಾರೀಖು ಗೊತ್ತಾದ ಮೇಲೆ ಬರೆ.

ಇಂತಿ,
ಚಿಕ್ಕಪ್ಪ