ಹಾಡಿದವರಿಗೆ ರಾತ್ರಿ ಮಲಗಲು ಒಂದು ಕೋಣೆ ಕೊಡಿ

ಸಂಪಾದಕರೇ,

ಜಾತ್ರೆ ಹಂಗಾಮು ಶುರುವಾಗಿದೆ. ಇನ್ನು ಮೇ ತನಕ ಹಾವೇರಿ, ಗದಗ, ಧಾರವಾಡದ ಹಳ್ಳಿಗಳಲ್ಲಿ ತೇರು, ಕುಸ್ತಿ, ನಾಟಕ, ಜೊತೆಗೆ ಒಂದು ರಾತ್ರಿ ರಸಮಂಜರಿ. ನಾನು ಗದಗಿನ ಒಂದು ಆರ್ಕೆಸ್ಟ್ರಾದಲ್ಲಿ 11 ವರ್ಷದಿಂದ ರಿದಮ್ ಪ್ಯಾಡ್ ನುಡಿಸುತ್ತೇನೆ. ಸುಮ್ನೆ ನುಡಿಸಿ ಇಳಿಯೋ ಕೆಲಸ ಅಲ್ಲ ಇದು. ಸ್ಪೀಕರ್ ಹೊರುತ್ತೇನೆ, ಕೇಬಲ್ ಎಳೆಯುತ್ತೇನೆ, ಹಾಡೋರಿಗೆ ಮೈಕಿನಲ್ಲಿ ಶಾಕ್ ಹೊಡೆಯಬಾರದು ಅಂತ ಅರ್ಥಿಂಗ್ ರಾಡ್ ಹುಗಿದು ಉಪ್ಪುನೀರು ಹಾಕುತ್ತೇನೆ. ಸಣ್ಣ ತಂಡದಲ್ಲಿ ಎಲ್ಲರೂ ಎಲ್ಲಾ ಮಾಡಬೇಕು. ನಮ್ಮ ಡ್ರೈವರ್ ಲೈಟೂ ಕಟ್ಟುತ್ತಾನೆ. ಜಾತ್ರಾ ಕಮಿಟಿಯ ಹಿರಿಯರಲ್ಲಿ ಒಂದು ಮಾತು ಕೇಳಬೇಕಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಪೋಸ್ಟರ್‌ನಲ್ಲಿ ಸಂಜೆ 7 ಗಂಟೆಗೆ ಅಂತ ಇರುತ್ತದೆ. ನಾವು ಮಧ್ಯಾಹ್ನ 3ಕ್ಕೇ ಬಂದು ಎಲ್ಲಾ ಜೋಡಿಸಿ ಕಾಯುತ್ತೇವೆ. ಆಮೇಲೆ ಭಾಷಣ, ಸನ್ಮಾನ, ಶಾಲು, ಹಾರ, ಮತ್ತೆ ಭಾಷಣ. ಮೊದಲ ಹಾಡು ಶುರುವಾಗೋ ಹೊತ್ತಿಗೆ 9:30. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಹಬ್ಬಕ್ಕೆ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲ ಕೊಡಬಹುದು, ಅಷ್ಟೇ. ಅರ್ಧಕ್ಕೆ ನಿಲ್ಲಿಸಿದರೆ ಜನ ಕೂಗ್ತಾರೆ, ಕಮಿಟಿಯವರು ಪೇಮೆಂಟ್ ಹಿಡೀತಾರೆ, ನಿಲ್ಲಿಸದಿದ್ದರೆ ಪೊಲೀಸರು ಬರ್ತಾರೆ. ಹೊತ್ತಿಗೆ ಸರಿಯಾಗಿ ಶುರು ಮಾಡಿದರೆ ಇದು ಯಾವುದೂ ಇರೋದಿಲ್ಲ ಅಲ್ವಾ?

ಆದರೆ ನಾನು ಬರೆಯಲು ಕೂತಿದ್ದು ಕೊನೆಯ ಹಾಡು ಮುಗಿದ ಮೇಲಿನ ಹೊತ್ತಿನ ಬಗ್ಗೆ. ಜನ ಚಾಪೆ ಝಾಡಿಸಿಕೊಂಡು ಮನೆಗೆ ಹೋಗುತ್ತಾರೆ, ನಮ್ಮ ಅರ್ಧ ಕೆಲಸ ಆಗ ಶುರು. ಚಳಿಗಾಲದಲ್ಲಿ ಕೇಬಲ್ ಮೇಲೆ ಇಬ್ಬನಿ ಕೂತಿರುತ್ತದೆ, ಒಂದೊಂದನ್ನೂ ಅರಿವೆಯಿಂದ ಒರೆಸಬೇಕು. ಮೊಣಕೈಗೆ ಹಗ್ಗದ ಹಾಗೆ ಸುತ್ತಿದರೆ ಕೆಲಸ ಬೇಗ ಆಗುತ್ತದೆ, ಆದರೆ ಒಳಗಿನ ತಂತಿ ತಿರುಚಿಕೊಂಡು ಹರಿಯುತ್ತದೆ. ಅದಕ್ಕೆ ಒಂದು ಸುತ್ತು ನೇರ, ಒಂದು ಸುತ್ತು ಉಲ್ಟಾ ಹಾಕುತ್ತಾ ಸಿಂಬಿ ಮಾಡಬೇಕು. ಬೆರಳು ಸೆಟೆದುಕೊಂಡಿರುತ್ತವೆ. ಸ್ಪೀಕರ್ ಎತ್ತಿ ಗಾಡಿಗೆ ಹೇರಿ ತಾಡಪತ್ರಿ ಕಟ್ಟೋ ಹೊತ್ತಿಗೆ 2 ಗಂಟೆ. ಮಲಗಲು ಜಾಗ ಕೇಳಿದರೆ ಸಮುದಾಯ ಭವನದ ಕೀಲಿ ಯಾರದೋ ಮನೆಯಲ್ಲಿರುತ್ತದೆ, ಅವರು ಮಲಗಿರುತ್ತಾರೆ. ಹಾಡೋ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಸೀರೆ ಬದಲಿಸಲು ಗಾಡಿಯ ಹಿಂದೆ ಚಾದರ ಹಿಡಿದು ನಿಲ್ಲಬೇಕು, ಚಿಲಕ ಇರೋ ಒಂದು ಶೌಚಾಲಯ ಸಿಕ್ಕರೆ ಅವತ್ತು ಪುಣ್ಯ. ಇನ್ನೇನು ಮಾಡೋದು ಅಂತ ಎಲ್ಲರೂ ಗಾಡಿ ಹತ್ತುತ್ತೇವೆ.

ಹೋದ ವರ್ಷ ಹಾವೇರಿ ಕಡೆಯ ಒಂದು ಹಳ್ಳಿಯಿಂದ ಸವಣೂರು ಮೇಲೆ ವಾಪಸ್ ಬರುತ್ತಿದ್ದೆವು. ಲಕ್ಷ್ಮೇಶ್ವರ ಇನ್ನೂ ದೂರ ಇತ್ತು. ಮುಂದೆ ಕೂತಿದ್ದ ನನಗೆ ಡ್ರೈವರ್, "ಅಣ್ಣಾರ, ಕಣ್ಣು ಎಳಿಯಾಕತ್ತಾವ, ಏನರ ಮಾತಾಡ್ರಿ" ಅಂದ. ಮಾತಾಡುತ್ತಾ ಮಾತಾಡುತ್ತಾ ನನಗೇ ಜೊಂಪು ಹತ್ತಿತು. ಎಚ್ಚರಾದಾಗ ಗಾಡಿ ರಸ್ತೆ ಬಿಟ್ಟು ಹತ್ತಿ ಹೊಲದಲ್ಲಿ ನಿಂತಿತ್ತು. ಹಿಂದೆ ಸ್ಪೀಕರ್ ಜರುಗಿ ಸೀಟಿಗೆ ಒತ್ತಿಕೊಂಡು ನಿಂತಿತ್ತು, ಆ ಸೀಟಿನಲ್ಲಿ ಕೂತ ಹುಡುಗಿ ಬದುಕಿದ್ದು ಒಂದು ಗೇಣಿನ ಅಂತರದಲ್ಲಿ. ಡ್ರೈವರ್ ಇಳಿದವನೇ ದಡಿ ಮೇಲೆ ಕೂತು ಅತ್ತ. ಅವನಿಗೆ ಯಾರೂ ಬೈಯಲಿಲ್ಲ. ಬೆಳಿಗ್ಗೆ 6ಕ್ಕೆ ಎದ್ದು ಗಾಡಿ ತೊಳೆದು, ಸಾಮಾನು ಹೊತ್ತು, ಲೈಟು ಕಟ್ಟಿ, 20 ತಾಸು ನಿದ್ದೆ ಇಲ್ಲದ ಹುಡುಗ ಅವನು. 2021ರ ಜನವರಿಯಲ್ಲಿ ಧಾರವಾಡದ ಇಟ್ಟಿಗಟ್ಟಿ ಹತ್ತಿರ ಬೈಪಾಸ್‌ನಲ್ಲಿ ದಾವಣಗೆರೆಯ ಹೆಣ್ಣುಮಕ್ಕಳಿದ್ದ ಟೆಂಪೋ ಟ್ರಾವೆಲರ್‌ಗೆ ಆದ ಅಪಘಾತವನ್ನು ಇಲ್ಲಿ ಯಾರೂ ಮರೆತಿಲ್ಲ. ಅದರ ಕಾರಣ ಬೇರೆ ಇರಬಹುದು. ಆದರೆ ಅವತ್ತಿನಿಂದ ನಾನು ಮನೆ ಬಿಡುವಾಗಲೆಲ್ಲ ನನ್ನವ್ವ ಅದನ್ನೇ ನೆನೆಸುತ್ತಾಳೆ.

ತಿರುಗಾಟದ ಕಲಾವಿದರು ನಮ್ಮ ಗದಗಿಗೆ ಹೊಸಬರಲ್ಲ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಕರೆದುಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯನ್ನೇ ನಡೆಸಿದರು. ಕಂಪನಿ ನಾಟಕದವರು ಇವತ್ತಿಗೂ ಒಂದೂರಲ್ಲಿ ಕ್ಯಾಂಪ್ ಹಾಕಿದರೆ ವಾರಗಟ್ಟಲೆ ಅಲ್ಲೇ ಇರುತ್ತಾರೆ, ಅಡುಗೆ, ನಿದ್ದೆ ಎಲ್ಲಾ ಅಲ್ಲೇ. ನಮ್ಮದು ಒಂದು ರಾತ್ರಿಯ ಕೆಲಸ. ಒಂದೇ ರಾತ್ರಿ ಅಲ್ವಾ ಅಂತ ಅದರ ಬಗ್ಗೆ ಯಾರೂ ಯೋಚನೆ ಮಾಡೋದಿಲ್ಲ.

ಮಾಡುವ ಊರುಗಳೂ ಇವೆ. ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಾವು ತಾಡಪತ್ರಿ ಕಟ್ಟುವಾಗ ಒಬ್ಬ ಅಜ್ಜಿ ಬಂದು, "ಈ ಹೊತ್ತನ್ಯಾಗ ಎಲ್ಲಿಗೆ ಹೋಗ್ತೀರಿ, ಬರ್ರಿ ಒಳಗ" ಅಂತ ತನ್ನ ಪಡಸಾಲೆಯಲ್ಲಿ ಜಮಖಾನೆ ಹಾಸಿದಳು. ಹಾಡೋ ಹುಡುಗಿಯರಿಗೆ ಒಳಗಿನ ಕೋಣೆ. ಬೆಳಿಗ್ಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. 9ಕ್ಕೆ ಹೊರಟೆವು. ಡ್ರೈವರ್ ದಾರಿಯುದ್ದಕ್ಕೂ ಹಾಡು ಹೇಳುತ್ತಿದ್ದ.

ನಾವು ಲಾಡ್ಜ್ ಕೇಳುತ್ತಿಲ್ಲ. ಶಾಲೆಯ ಒಂದು ಕೋಣೆ ಆದರೂ ಸಾಕು. ಎರಡು ಜಮಖಾನೆ, ಒಂದು ಕೊಡ ನೀರು, ಹೆಣ್ಣುಮಕ್ಕಳಿಗೆ ಚಿಲಕ ಇರೋ ಕೋಣೆ ಬೇರೆ. ಕೀಲಿಯನ್ನು ಸಂಜೆಯೇ ನಮ್ಮ ಕೈಗೆ ಕೊಡಿ. ಈಗ ಬುಕಿಂಗ್‌ಗೆ ಫೋನ್ ಬಂದರೆ ನಾನು ರೇಟಿಗಿಂತ ಮೊದಲು ಇದನ್ನೇ ಕೇಳುತ್ತೇನೆ. ಹೋದ ವಾರ ಹಾನಗಲ್ ಕಡೆಯಿಂದ ಫೋನ್ ಮಾಡಿದವರು ತಡೀರಿ ಅಂದು, ಹಿರಿಯರನ್ನು ಕೇಳಿ, ಅರ್ಧ ತಾಸಿನಲ್ಲಿ ತಿರುಗಿ ಮಾಡಿದರು. ಕೋಣೆ ಐತ್ರಿ ಅಂದರು. ಫೆಬ್ರುವರಿಯಲ್ಲಿ ಅಲ್ಲಿಗೆ ಹೋಗುತ್ತಿದ್ದೇವೆ.

– ಒಬ್ಬ ರಿದಮ್ ಪ್ಯಾಡ್ ವಾದಕ, ಗದಗ-ಬೆಟಗೇರಿ